ಬಾದಾಮಿ ಗುಹೆ ಚೆನ್ನಾಗಿ ಕಾಣಬೇಕಾದರೆ ಕೆಲಸ ಆಗಬೇಕಾದ್ದು ಗುಹೆಯ ಹೊರಗೆ

ಬಾದಾಮಿಯ ಮೊದಲನೇ ಗುಹೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಶಿಲ್ಪಗಳನ್ನಲ್ಲ, ಬಂದುಹೋಗುವ ಜನರನ್ನು. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಾರೆ. ಬಲಗಡೆ 18 ಕೈಯ ನಟರಾಜ ಇದ್ದಾನೆ, ಅವನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಒಳಗೆ ಕಾಲಿಡುತ್ತಾರೆ, ಕತ್ತಲೆ, 'ಒಳಗೇನೂ ಇಲ್ಲ ಬಿಡು' ಅಂತ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಮೊಬೈಲ್ ಟಾರ್ಚ್ ಹಾಕಿ ಗೋಡೆ ಮೇಲೆ ಒಂದು ಸಲ ಆಡಿಸುತ್ತಾರೆ, ಅಷ್ಟೇ. ಗುಂಪು ಎರಡನೇ ಗುಹೆಯ ಕಡೆ ಹೊರಟುಬಿಡುತ್ತದೆ.

ಇದನ್ನು ಸರಿಮಾಡುವುದು ಹೇಗೆ ಅಂತ ಕೇಳಿದರೆ ಜನ ಸಾಮಾನ್ಯವಾಗಿ ಹೇಳುವುದು ಇಷ್ಟು: ಒಳಗೆ ಒಳ್ಳೇ ಲೈಟ್ ಹಾಕಿ, ಗುಡ್ಡಕ್ಕೆ ಲಿಫ್ಟ್ ಮಾಡಿ, ರಾತ್ರಿ ಸೌಂಡ್ ಅಂಡ್ ಲೈಟ್ ಶೋ ಇಡಿ. ನನ್ನ ಅಭಿಪ್ರಾಯ ಇದಕ್ಕೆ ಉಲ್ಟಾ. ಗುಹೆಯ ಒಳಗೆ ಏನನ್ನಾದರೂ ಸೇರಿಸಿದಷ್ಟೂ ಗುಹೆ ಹಾಳಾಗುತ್ತದೆ, ನೋಡುವುದೂ ಕೆಡುತ್ತದೆ. ಮಾಡಬೇಕಾದ ಕೆಲಸ ಬಹುಪಾಲು ಹೊರಗಿದೆ. ಹೊರಗೆ ಅಂದರೆ ಟಿಕೆಟ್ ಕೌಂಟರ್ ಹತ್ತಿರ, ಮೆಟ್ಟಿಲ ಮೇಲೆ, ಕೆರೆಯ ಆಚೆ ದಡದಲ್ಲಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕಣ್ಣಿನ ವಿಷಯ. ಮಟಮಟ ಮಧ್ಯಾಹ್ನದ ಬಯಲಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಇರುತ್ತದೆ. ಗುಹೆಯ ಹಿಂದಿನ ಗರ್ಭಗುಡಿ ಹತ್ತಿರ ಅದರ ಸಾವಿರದಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಬಿಸಿಲಿಂದ ಒಳಗೆ ಬಂದಾಗ ಕಣ್ಣಿನ ಪಾಪೆ ಕೆಲವೇ ಸೆಕೆಂಡಲ್ಲಿ ಅಗಲವಾಗುತ್ತದೆ. ಆದರೆ ಕಣ್ಣಿನ ಹಿಂಪದರದ ಕೋಶಗಳು ಕತ್ತಲೆಗೆ ಹೊಂದಿಕೊಳ್ಳುವುದಕ್ಕೆ ಅಷ್ಟು ಸಾಲದು. ಬಣ್ಣ ಗುರುತಿಸುವ ಕೋಶಗಳಿಗೆ 5ರಿಂದ 10 ನಿಮಿಷ ಬೇಕು. ಮಂದ ಬೆಳಕಲ್ಲಿ ಕೆಲಸ ಮಾಡುವ ಕೋಶಗಳಿಗೆ 20-30 ನಿಮಿಷ. ಅಂದರೆ ಒಳಗೆ ಹೋಗಿ ಒಂದೇ ನಿಮಿಷಕ್ಕೆ ಹೊರಗೆ ಬಂದವರು ಗುಹೆಯನ್ನು ನೋಡಿಯೇ ಇಲ್ಲ. ಅವರ ಕಣ್ಣು ಇನ್ನೂ ಬಿಸಿಲಲ್ಲೇ ಇತ್ತು. ಮಧ್ಯೆ ಯಾರಾದರೂ ಟಾರ್ಚ್ ಹಾಕಿದರೆ ಹೊಂದಿಕೊಳ್ಳುತ್ತಿದ್ದ ಕಣ್ಣು ಮತ್ತೆ ಹಿಂದಕ್ಕೆ ಹೋಗುತ್ತದೆ, ಅಕ್ಕಪಕ್ಕ ನಿಂತವರದ್ದೂ ಸೇರಿ.

ಇದಕ್ಕೆ ಔಷಧಿ ತೀರಾ ಸರಳ. ಗುಹೆಯ ಒಳಗೆ ಹೋಗುವ ಮುಂಚೆ ನಾಲ್ಕೈದು ನಿಮಿಷ ನೆರಳಲ್ಲಿ ಕೂರಬೇಕು. ಕೂರುವುದಕ್ಕೆ ಜಾಗ ಬೇಕು, ನೆರಳು ಬೇಕು, ಆ ಹೊತ್ತಲ್ಲಿ ಕೇಳುವುದಕ್ಕೋ ಓದುವುದಕ್ಕೋ ಏನಾದರೂ ಬೇಕು. ಗೈಡ್ ಕಥೆ ಹೇಳಬೇಕಾದ ಜಾಗ ಇದೇ, ಗುಹೆಯ ಒಳಗಲ್ಲ. ಕಲ್ಲಿನ ಹಜಾರದಲ್ಲಿ ನಾಲ್ಕು ಗೈಡ್‌ಗಳು ಒಟ್ಟಿಗೆ ಮಾತಾಡಿದರೆ ಗೋಡೆಗೆ ಬಡಿದು ವಾಪಸ್ ಬರುವ ಸದ್ದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ಹಾಗಾದರೆ ಒಳಗೆ ಲೈಟ್ ಹಾಕಿದರೆ ಏನು ತೊಂದರೆ? ಮೊದಲನೆಯದು, ಶಿಲ್ಪವೇ ಕೆಡುತ್ತದೆ. ಕಲ್ಲಿನ ಉಬ್ಬುಶಿಲ್ಪ ಕಣ್ಣಿಗೆ ಕಾಣುವುದು ನೆರಳಿನಿಂದ. ಬೆಳಕು ಪಕ್ಕದಿಂದ ಸವರಿಕೊಂಡು ಬಂದರೆ ಮೂಗು, ಬೆರಳು, ಕಿರೀಟದ ಮಣಿ ಎಲ್ಲದಕ್ಕೂ ಒಂದೊಂದು ನೆರಳು ಹುಟ್ಟುತ್ತದೆ. ಎದುರಿಂದ ಫ್ಲಡ್‌ಲೈಟ್ ಬಿಟ್ಟರೆ ಎಲ್ಲ ಚಪ್ಪಟೆ. ಟಾರ್ಚ್ ಮಾಡುವುದೂ ಅದನ್ನೇ, ಕ್ಯಾಮೆರಾ ಫ್ಲ್ಯಾಶ್ ಮಾಡುವುದೂ ಅದನ್ನೇ. ಬಾದಾಮಿ ಗುಹೆಗಳು ದಕ್ಷಿಣದ ಗುಡ್ಡದಲ್ಲಿ, ಉತ್ತರಕ್ಕೆ ಮುಖ ಮಾಡಿ, ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಕಡೆ ತೆರೆದುಕೊಂಡಿವೆ. ವರ್ಷದ ಹೆಚ್ಚು ದಿನ ಸೂರ್ಯ ನೇರವಾಗಿ ಒಳಗೆ ಬರುವುದಿಲ್ಲ. ಆಕಾಶದ ಬೆಳಕು ಬರುತ್ತದೆ, ಅಂಗಳದ ಕಲ್ಲಿಗೆ ಬಿದ್ದದ್ದು ಚಿಮ್ಮಿ ಬರುತ್ತದೆ. ಈಗ ಮೂರನೇ ಗುಹೆಯನ್ನು ನೆನಪಿಸಿಕೊಳ್ಳಿ. ಆದಿಶೇಷನ ಮೇಲೆ ಕೂತ ವಿಷ್ಣು ಇರುವುದು ವರಾಂಡದ ತುದಿಯಲ್ಲಿ, ಕಾಲು ಎತ್ತಿದ ತ್ರಿವಿಕ್ರಮ ಇನ್ನೊಂದು ತುದಿಯಲ್ಲಿ. ತೆರೆದ ಮುಂಭಾಗದಿಂದ ಬರುವ ಬೆಳಕು ಇಬ್ಬರನ್ನೂ ಪಕ್ಕದಿಂದಲೇ ತಾಕುತ್ತದೆ. ಕೆತ್ತಿದವರಿಗೆ ಲೈಟಿಂಗ್ ಗೊತ್ತಿತ್ತು ಅಂತ ನನಗಂತೂ ಅನಿಸುತ್ತದೆ.

ಎರಡನೆಯದು, ದೀಪ ಹಾಕಿದ ಕಡೆ ಪಾಚಿ ಬರುತ್ತದೆ. ಲೈಟ್ ಹಾಕಿದ ಪ್ರವಾಸಿ ಗುಹೆಗಳಲ್ಲಿ ಪ್ರಪಂಚದ ಎಲ್ಲಾ ಕಡೆ ಇದೇ ಗೋಳು. ಮುಂಚೆ ಕತ್ತಲಿದ್ದ ಒದ್ದೆ ಕಲ್ಲಿಗೆ ಬೆಳಕು ಸಿಕ್ಕಿತೋ, ದೀಪದ ಸುತ್ತ ಹಸಿರು ಹಬ್ಬುತ್ತದೆ. ಮೂರನೆಯದು, ವೈರು. ವೈರು ಎಳೆಯಬೇಕಾದರೆ ಕ್ಲಿಪ್ಪು, ಕ್ಲಿಪ್ಪಿಗೆ ಮೊಳೆ, ಮೊಳೆಗೆ ಡ್ರಿಲ್ಲು. 6ನೇ ಶತಮಾನದ ಕಲ್ಲಿಗೆ ತೂತು ಕೊರೆಯುವುದು ಯಾರಿಗೂ ಬೇಡದ ಕೆಲಸ.

ಲೈಟೇ ಬೇಡ ಅಂತಲ್ಲ. ಅಜಂತಾದಲ್ಲಿ ಬೇಕೇ ಬೇಕು, ಯಾಕೆಂದರೆ ಅಲ್ಲಿನ ಚಿತ್ರಗಳು ಆಳವಾದ ಹಜಾರಗಳ ಗೋಡೆ ಮೇಲಿವೆ, ಹಗಲಿನ ಬೆಳಕು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿ ಬಳಸಿದ್ದು ಫೈಬರ್ ಆಪ್ಟಿಕ್ ದೀಪ. ಬಲ್ಬು ಒಂದು ಕಡೆ, ಬೆಳಕು ಮಾತ್ರ ಎಳೆಯ ಮೂಲಕ ಇನ್ನೊಂದು ಕಡೆ, ಹಾಗಾಗಿ ಚಿತ್ರದ ಮುಂದೆ ಬಿಸಿ ಇಲ್ಲ. ಮುಂದೆ ತೆರೆದಿರುವ ಬಾದಾಮಿಯ ಗುಹೆಗೂ ಒಳಗೆ ಮುಚ್ಚಿಕೊಂಡಿರುವ ಅಜಂತಾಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಈ ವ್ಯತ್ಯಾಸ ಕಲ್ಲಿನಲ್ಲೂ ಇದೆ. ಅಜಂತಾ, ಎಲ್ಲೋರಾ, ಎಲಿಫೆಂಟಾ ಇವೆಲ್ಲ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು. ಬಾದಾಮಿಯದ್ದು ಮರಳುಗಲ್ಲು. ಮರಳಿನ ಕಣಗಳು ಸಿಲಿಕಾ, ಕಬ್ಬಿಣದ ಆಕ್ಸೈಡ್‌ನಂಥ ಅಂಟಿನಿಂದ ಕೂಡಿಕೊಂಡಿವೆ, ಆ ಕೆಂಪು ಬಣ್ಣವೂ ಕಬ್ಬಿಣದ್ದೇ. ಕಣಗಳ ಮಧ್ಯೆ ಸಣ್ಣ ಸಣ್ಣ ಸಂದು. ಮಳೆಗಾಲದಲ್ಲಿ ಗುಡ್ಡದ ಮೇಲಿನ ನೀರು ಬಿರುಕು ಹಿಡಿದು ಇಳಿಯುತ್ತದೆ, ಬರುವಾಗ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ಕಲ್ಲಿನ ಮೈ ಒಣಗಿದಾಗ ನೀರು ಆರುತ್ತದೆ, ಉಪ್ಪು ಮಾತ್ರ ಹರಳಾಗಿ ಅಲ್ಲೇ ಉಳಿಯುತ್ತದೆ. ಹರಳು ದಪ್ಪವಾದಂತೆ ಕಲ್ಲಿನ ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ. ಇದನ್ನು ಪೂರ್ತಿ ನಿಲ್ಲಿಸುವುದು ಯಾರಿಂದಲೂ ಆಗುವುದಿಲ್ಲ. ನೀರನ್ನು ಮೇಲೆಯೇ ಬೇರೆ ಕಡೆ ತಿರುಗಿಸಿ ನಿಧಾನ ಮಾಡಬಹುದು, ಅಷ್ಟೇ.

ಇದರ ಮೇಲೆ ನಮ್ಮ ಕೈ ಬೇರೆ. ಗುಹೆಗಳಲ್ಲಿ ಎದೆಮಟ್ಟದ ಎತ್ತರದಲ್ಲಿರುವ ಮೊಣಕಾಲು, ತೊಡೆ, ಕಂಬದ ಮೂಲೆ ಇವನ್ನು ಗಮನಿಸಿ. ಸುತ್ತಲಿನ ಕಲ್ಲು ಒರಟಾಗಿದ್ದರೆ ಅಷ್ಟು ಭಾಗ ಮಾತ್ರ ಕಪ್ಪಗೆ ಮಿರಿಮಿರಿ ಮಿಂಚುತ್ತಿರುತ್ತದೆ. ಅದು ಪಾಲಿಶ್ ಅಲ್ಲ. ಬೆವರಿನ ಎಣ್ಣೆ ಸಂದಿಗೆ ಇಳಿದು, ಅದರ ಮೇಲೆ ಧೂಳು ಕೂತು, ಅದನ್ನು ಮತ್ತೊಂದು ಕೈ ಉಜ್ಜಿ ಆದದ್ದು. ಎಣ್ಣೆ ಕೂತ ಜಾಗದಲ್ಲಿ ಕಲ್ಲು ಸರಾಗವಾಗಿ ಒಣಗುವುದಿಲ್ಲ. ಒಬ್ಬರು ಮುಟ್ಟಿದರೆ ಏನೂ ಆಗಲ್ಲ ಅನ್ನುವುದು ನಿಜವೇ. ಆದರೆ ದಿನಾ ಬರುವವರೆಲ್ಲ ತಾವೊಬ್ಬರೇ ಅಂತ ಅಂದುಕೊಂಡೇ ಮುಟ್ಟುತ್ತಾರೆ.

ಕಟಕಟೆ ಹಾಕಿ ಅಂತೀರಾ? ಹಾಕಬಹುದು, ಆದರೆ ನೆಲಕ್ಕೆ ಕೊರೆಯದೆ ತನ್ನ ಭಾರದಿಂದಲೇ ನಿಲ್ಲುವಂಥದ್ದು, ಮೊಣಕಾಲೆತ್ತರದ್ದು ಸಾಕು. ಎದೆಮಟ್ಟದ ಸ್ಟೀಲ್ ಪೈಪು ನಿಲ್ಲಿಸಿದರೆ ಬಸ್ ನಿಲ್ದಾಣದ ಕ್ಯೂ ತರ ಕಾಣುತ್ತದೆ, ಫೋಟೋದಲ್ಲೂ ಅದೇ ಮೊದಲು ಬೀಳುತ್ತದೆ.

ಜನಸಂದಣಿಯ ಲೆಕ್ಕವೂ ಗುಹೆಯಿಂದ ಗುಹೆಗೆ ಬೇರೆ. ಸುಮ್ನೆ ನಿಂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಜೊತೆಗೆ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್. ಅಜಂತಾದ ಚಿತ್ರಗಳಿರುವುದು ಮಣ್ಣಿನ ಗಾರೆಯ ಮೇಲೆ. ಗಾರೆ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಕೊನೆಗೆ ಗೋಡೆ ಬಿಟ್ಟು ಏಳುತ್ತದೆ. ಅದಕ್ಕೇ ಅಲ್ಲಿ ಚಿತ್ರವಿರುವ ಗುಹೆಗಳಿಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ತಡೆದು ಬಿಡುತ್ತಾರೆ. ಫ್ರಾನ್ಸಿನ ಲಾಸ್ಕೊ ಗುಹೆಯ ಕಥೆ ಇನ್ನೂ ಕೆಟ್ಟದ್ದು. 1940ರಲ್ಲಿ ಸಿಕ್ಕಿತು, 1948ರಲ್ಲಿ ಜನರಿಗೆ ತೆರೆದರು, ಉಸಿರು ಮತ್ತು ದೀಪದಿಂದ ಗೋಡೆ ಹಸಿರಾಗತೊಡಗಿ 1963ರಲ್ಲಿ ಮುಚ್ಚಿದರು. ಈಗ ಅಲ್ಲಿಗೆ ಹೋದವರು ನೋಡುವುದು ನಕಲು ಗುಹೆಯನ್ನು.

ಬಾದಾಮಿಗೆ ಉಸಿರಿನ ಭಯ ಅಷ್ಟಿಲ್ಲ, ಮುಂಭಾಗ ಪೂರ್ತಿ ತೆರೆದಿರುವುದರಿಂದ ಗಾಳಿ ಆಡುತ್ತದೆ. ಇಲ್ಲಿನ ಸಮಸ್ಯೆ ಮೆಟ್ಟಿಲು. ನಾಲ್ಕೂ ಗುಹೆಗಳು ಒಂದೇ ದಾರಿಯಲ್ಲಿ ಒಂದರ ಮೇಲೊಂದು ಇವೆ, ಹತ್ತುವುದೂ ಇಳಿಯುವುದೂ ಅದೇ ದಾರಿ. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಬನಶಂಕರಿ ಜಾತ್ರೆಯ ಹೊತ್ತಿಗಂತೂ ಊರೇ ತುಂಬಿರುತ್ತದೆ. ಎರಡು ಬಸ್ಸಿನ ಮಕ್ಕಳು ಒಂದೇ ಸಲ ಮೊದಲನೇ ಗುಹೆಗೆ ನುಗ್ಗಿದರೆ ಆಮೇಲೆ ಮೇಲಿನ ಎಲ್ಲ ಗುಹೆಗಳಲ್ಲೂ ಅದೇ ಗುಂಪು ಗುದ್ದಾಡಿಕೊಂಡು ಸಾಗುತ್ತದೆ. ಒಂದು ಬಸ್ಸಿನವರನ್ನು ಕೆಳಗಿಂದ ಮೇಲಕ್ಕೆ, ಇನ್ನೊಂದು ಬಸ್ಸಿನವರನ್ನು ನೇರ ನಾಲ್ಕನೇ ಗುಹೆಗೆ ಕಳಿಸಿ ಮೇಲಿಂದ ಕೆಳಕ್ಕೆ ನೋಡಿಸಿದರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ. ಇದಕ್ಕೆ ಟೆಂಡರ್ ಬೇಕಿಲ್ಲ, ಕೌಂಟರ್ ಹತ್ತಿರ ಒಬ್ಬ ಗಾರ್ಡ್ ಸಾಕು. ನಾಲ್ಕನೆಯದಾದ ಜೈನ ಗುಹೆಗೂ ಒಂದು ನ್ಯಾಯ ಸಿಗುತ್ತದೆ, ಯಾಕೆಂದರೆ ಪಾಪ ಅಲ್ಲಿನ ಪಾರ್ಶ್ವನಾಥ, ಬಾಹುಬಲಿ ಹತ್ತಿರ ಬರುವಷ್ಟರಲ್ಲಿ ಎಲ್ಲರಿಗೂ ಕಾಲು ಸೋತು ನೀರಿನ ಬಾಟಲಿ ಖಾಲಿಯಾಗಿರುತ್ತದೆ.

ಚೀನಾದ ಡುನ್‌ಹುವಾಂಗ್ ಹತ್ತಿರದ ಮೊಗಾವ್ ಗುಹೆಗಳಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದ್ದಾರೆ. 2014ರಲ್ಲಿ ಗುಹೆಗಳಿಂದ ದೂರದಲ್ಲಿ ಒಂದು ಸಂದರ್ಶಕರ ಕೇಂದ್ರ ತೆರೆದರು. ಬಂದವರು ಮೊದಲು ಅಲ್ಲಿ ಎರಡು ಸಿನಿಮಾ ನೋಡಬೇಕು, ಒಂದು ಇತಿಹಾಸದ್ದು, ಇನ್ನೊಂದು ಗುಮ್ಮಟದ ಪರದೆ ಮೇಲೆ ಗುಹೆಯ ಒಳಗನ್ನೇ ತೋರಿಸುವಂಥದ್ದು. ಆಮೇಲೆ ಬಸ್ಸಲ್ಲಿ ಗುಹೆಗೆ, ಸಣ್ಣ ಗುಂಪಾಗಿ, ಆಯ್ದ ಕೆಲವೇ ಗುಹೆಗಳಿಗೆ. ದಿನಕ್ಕೆ 6,000 ಜನ ಅಂತ ಮಿತಿ ಇಟ್ಟು ಯೋಜನೆ ಮಾಡಿದರು. ವಿವರಣೆ ಹೊರಗೆ ಮುಗಿದಿರುವುದರಿಂದ ಒಳಗೆ ಕಡಿಮೆ ಹೊತ್ತು ಸಾಕಾಗುತ್ತದೆ, ಆ ಕಡಿಮೆ ಹೊತ್ತಲ್ಲೂ ನೋಡಬೇಕಾದ್ದು ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲೂ ಈ ಯೋಚನೆ ಬರಲಿಲ್ಲ ಅಂತಲ್ಲ. ಜಪಾನಿನ ಸಾಲದ ನೆರವಿನ ಯೋಜನೆಯಲ್ಲಿ ಅಜಂತಾ ಹತ್ತಿರ ದೊಡ್ಡ ಕೇಂದ್ರ ಕಟ್ಟಿದರು, 1, 2, 16, 17ನೇ ಗುಹೆಗಳ ಪ್ರತಿರೂಪಗಳನ್ನೂ ಮಾಡಿದರು. ಆಮೇಲೆ ನೀರು, ಕರೆಂಟಿನ ಬಿಲ್ ಬಾಕಿ ಬೆಳೆದು ಅದು ಬಾಗಿಲು ಹಾಕಿಕೊಂಡಿತು! ಕಟ್ಟುವುದಕ್ಕೆ ಒಂದು ಯೋಜನೆಯ ದುಡ್ಡು ಸಾಕು, ನಡೆಸುವುದಕ್ಕೆ ಪ್ರತಿ ತಿಂಗಳೂ ದುಡ್ಡು ಬೇಕು. ಇದಕ್ಕೇ ನನಗೆ ಬಾದಾಮಿಯಲ್ಲಿ ಗಾಜಿನ ಕಟ್ಟಡಕ್ಕಿಂತ ಕಲ್ಲುಬೆಂಚು, ನೆರಳು ಮತ್ತು ಬೋರ್ಡು ಜಾಸ್ತಿ ಇಷ್ಟ.

ಬೋರ್ಡು ಅಂದೆ ನೋಡಿ, ಅದು ದೊಡ್ಡ ವಿಷಯ. ನಮ್ಮ ಸ್ಮಾರಕಗಳ ಮುಂದಿನ ಫಲಕ ಓದಿದ್ದೀರಲ್ವಾ? ಮುಖಮಂಟಪ, ಸಭಾಮಂಟಪ, ಅಧಿಷ್ಠಾನ, ಇಷ್ಟು ಕಂಬ, ಇಂಥ ರಾಜವಂಶ, ಮುಗೀತು. ಎಲ್ಲಾ ನಿಜ, ಎಲ್ಲಾ ಸರಿ, ಆದರೆ ಓದಿದವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಮೊದಲನೇ ಗುಹೆಯ ಎಡಗಡೆ ತ್ರಿಶೂಲ ಹಿಡಿದ ಒಬ್ಬ ದ್ವಾರಪಾಲಕ ನಿಂತಿದ್ದಾನೆ. ಅವನ ಕೆಳಗೆ ಒಂದು ಸಣ್ಣ ಕೆತ್ತನೆ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ನೋಡಿದರೆ ಬಸವ. ಮೈ ಎರಡು, ತಲೆ ಒಂದೇ. ಒಂದು ಮೈಯನ್ನು ಕೈಯಿಂದ ಮರೆಮಾಡಿದರೆ ಆ ತಲೆ ಪೂರ್ತಿ ಆನೆಯದಾಗುತ್ತದೆ, ಇನ್ನೊಂದನ್ನು ಮರೆಮಾಡಿದರೆ ಬಸವನದಾಗುತ್ತದೆ. (ಮುಟ್ಟಬೇಡಿ, ಕೈಯನ್ನು ಕಣ್ಣಿನ ಮುಂದೆ ಹಿಡಿದರೆ ಸಾಕು.) ಮಗುವಿಗೆ ಇದನ್ನು ತೋರಿಸಿ ನೋಡಿ, ಅಲ್ಲಿಂದ ಕದಲುವುದೇ ಇಲ್ಲ. ಇದನ್ನು ಹೇಳುವುದಕ್ಕೆ ಬೇಕಾದ್ದು ಎರಡು ಸಾಲಿನ ಕನ್ನಡ ಮತ್ತು ಒಂದು ಬಾಣದ ಗುರುತು. ಅದೂ ಗುಹೆಯ ಗೋಡೆ ಮೇಲಲ್ಲ, ಮೆಟ್ಟಿಲ ಬುಡದಲ್ಲಿ.

ಮೂರನೇ ಗುಹೆಯಲ್ಲಿ ಎಲ್ಲರೂ ಎದುರಿಗೆ ನೋಡುತ್ತಾರೆ, ತಲೆ ಎತ್ತಿ ಸೂರಿನ ಬಾಗಿದ ಒಳಮೈ ನೋಡುವವರು ಕಡಿಮೆ. ಅಲ್ಲಿ ಹಳೇ ಬಣ್ಣದ ಚಿತ್ರಗಳ ಕುರುಹು ಇನ್ನೂ ಉಳಿದಿದೆ. ಕಾಲ ಗೊತ್ತಿರುವ ಅತಿ ಹಳೆಯ ಹಿಂದೂ ದೇಗುಲ ಚಿತ್ರಗಳಲ್ಲಿ ಇವೂ ಸೇರುತ್ತವೆ, ಯಾಕೆಂದರೆ ಈ ಗುಹೆಗೆ ತಾರೀಖು ಇದೆ. ಬಾದಾಮಿ ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ, ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಇದನ್ನು ಮಾಡಿಸಿದ ಅಂತ ಅಲ್ಲೇ ಸಂಸ್ಕೃತ ಶಾಸನ ಹೇಳುತ್ತದೆ. ಅದೇ ಮಂಗಳೇಶನ ಕನ್ನಡ ಶಾಸನವೂ ಅಲ್ಲಿದೆ, ಈ ಕಲ್ಮನೆಗೆ, ಅಂದರೆ ಈ ಗುಹೆಗೆ, ಲಂಜಿಗೇಸರ ಅನ್ನುವ ಊರನ್ನು ಕೊಟ್ಟ ವಿಷಯದ್ದು. ಹೆಚ್ಚುಕಮ್ಮಿ 1,450 ವರ್ಷದ ಹಿಂದಿನ ಕನ್ನಡ, ಕಲ್ಲಿನ ಮೇಲೆ, ಕಣ್ಣೆದುರಿಗೆ. ಕನ್ನಡ ಮಾತಾಡುತ್ತಾ ಸಾವಿರಾರು ಜನ ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಆ ಸಾಲುಗಳ ದೊಡ್ಡ ಅಚ್ಚು, ಕೆಳಗೆ ಇವತ್ತಿನ ಲಿಪಿಯಲ್ಲಿ ಅದೇ ಸಾಲು, ಅದರ ಕೆಳಗೆ ಅರ್ಥ, ಇಷ್ಟನ್ನು ಕೆಳಗಿನ ಅಂಗಳದಲ್ಲಿ ಇಟ್ಟರೆ ಸಾಕು. ಕ್ಯೂಆರ್ ಕೋಡ್ ಅಂಟಿಸಿ ಕೈ ತೊಳೆದುಕೊಳ್ಳುವ ಹೊಸ ಚಾಳಿ ಇದೆ, ಅದು ನನಗೆ ಅಷ್ಟು ಒಪ್ಪಿಗೆ ಇಲ್ಲ. ನೆಟ್‌ವರ್ಕ್ ಸಿಗಬೇಕು, ಫೋನ್ ಹೊರಗೆ ತೆಗೆಯಬೇಕು, ತೆಗೆದ ಮೇಲೆ ಕಣ್ಣು ಫೋನಿನ ಮೇಲೆಯೇ ಇರುತ್ತದೆ. ಜೊತೆಗೆ ಕೋತಿ.

ಕೋತಿಗಳ ವಿಷಯ ಬೇಗ ಮುಗಿಸುತ್ತೇನೆ. ಅವು ಅಲ್ಲಿನ ಹಳೇ ನಿವಾಸಿಗಳು, ಕೈಚೀಲ ಕಂಡರೆ ತಿಂಡಿ ಅಂತ ಅವಕ್ಕೆ ಕಲಿಸಿದ್ದು ನಾವೇ. ಕೌಂಟರ್ ಹತ್ತಿರ ಚೀಲ ಇಡುವುದಕ್ಕೆ ಲಾಕರ್, ಮೇಲೆ ತಿಂಡಿ ಒಯ್ಯಬಾರದು ಅನ್ನುವ ನಿಯಮ, ಕೆಳಗೆ ಕುಡಿಯುವ ನೀರು. ಬೇರೆ ಉಪಾಯ ಇಲ್ಲ.

ಕೌಂಟರ್ ಹತ್ತಿರವೇ ಶೌಚಾಲಯ, ಕ್ಯಾಂಟೀನ್ ಎಲ್ಲ ಯಾಕೆ ಧಾರಾಳವಾಗಿ ಕಟ್ಟಬಾರದು ಅಂತ ಕೇಳಬಹುದು. ಇಲ್ಲಿ ಕಾನೂನು ಬರುತ್ತದೆ. ಸ್ಮಾರಕಗಳ ರಕ್ಷಣೆಗೆ 1958ರ ಕಾಯ್ದೆ ಇದೆ, 2010ರಲ್ಲಿ ಅದನ್ನು ಬಿಗಿ ಮಾಡಿದರು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗೆ ಇನ್ನೂ 200 ಮೀಟರ್ ಅನುಮತಿ ತೆಗೆದುಕೊಂಡೇ ಕಟ್ಟಬೇಕು. ಬಾದಾಮಿಯಲ್ಲಿ ಊರೇ ಗುಡ್ಡಕ್ಕೆ ಒತ್ತಿಕೊಂಡಿದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮ ಮನೆ ರಿಪೇರಿಗೂ ಕಾಗದ ಓಡಾಡಿಸಬೇಕು. ಪ್ರವಾಸಿಗರಿಗೆ ಅನುಕೂಲ ಅಂತ ಮಾತಾಡುವಾಗ ಈ ಜನರನ್ನು ಮರೆಯುವುದು ಸುಲಭ.

ಇನ್ನು ಅಧಿಕಾರ ಹಂಚಿಹೋಗಿದೆ. ಗುಹೆ ಕೇಂದ್ರದ ಪುರಾತತ್ವ ಇಲಾಖೆಯದ್ದು, ಗೈಡ್‌ಗಳಿಗೆ ಗುರುತುಚೀಟಿ ರಾಜ್ಯದ ಪ್ರವಾಸೋದ್ಯಮ ಇಲಾಖೆಯದ್ದು, ರಸ್ತೆ, ಚರಂಡಿ, ಕಸ ಪುರಸಭೆಯದ್ದು. ನೋಡಲು ಬಂದವರಿಗೆ ಇದೆಲ್ಲ ಒಂದೇ ಅನುಭವ. ಬಸ್ ಇಳಿದ ಕಡೆಯ ಕೊಳಕಿಗೂ ಒಳಗಿನ ವಿಷ್ಣುವಿಗೂ ಮನಸ್ಸು ಬೇರೆ ಬೇರೆ ಖಾತೆ ತೆರೆಯುವುದಿಲ್ಲ. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಗೆ ಆಯ್ಕೆಯಾದ 12 ಊರುಗಳಲ್ಲಿ ಬಾದಾಮಿಯೂ ಇತ್ತು, ಸ್ಮಾರಕದ ಸುತ್ತಲಿನ ಊರನ್ನು ಸರಿಮಾಡುವುದೇ ಅದರ ಉದ್ದೇಶ. ಯೋಚನೆ ಸರಿಯಾದದ್ದೇ. ಯೋಜನೆಯ ಅವಧಿ ಮುಗಿದ ಮೇಲೆ ಕಸ ಗುಡಿಸುವವರು ಯಾರು ಅನ್ನುವ ಪ್ರಶ್ನೆ ಅಜಂತಾದ ಬಿಲ್ಲಿನ ಹಾಗೇ ಉಳಿಯುತ್ತದೆ.

ಮೆಟ್ಟಿಲು ಹತ್ತಲಾಗದವರ ಗತಿ ಏನು? ಗಾಲಿಕುರ್ಚಿಯನ್ನು ನಾಲ್ಕನೇ ಗುಹೆಗೆ ತಲುಪಿಸುವ ದಾರಿ ಕಲ್ಲು ಕಡಿಯದೆ ಆಗುವುದಿಲ್ಲ, ಲಿಫ್ಟ್ ನಿಲ್ಲಿಸಿದರೆ ಇಡೀ ಬಂಡೆಯ ನೋಟ ಕೆಡುತ್ತದೆ. ನಾನು ಇದನ್ನು ಬೇಡ ಅನ್ನುವ ಕಡೆ. ಆದರೆ ಬೇಡ ಅಂದು ಸುಮ್ಮನಾದರೆ ಅನ್ಯಾಯ. ಕೆಳಗೆ ಮುಟ್ಟಿ ನೋಡಬಹುದಾದ ಅಚ್ಚುಗಳು ಬೇಕು, ಕಣ್ಣು ಕಾಣದವರಿಗೂ ಅದು ದಾರಿ, ಮುಟ್ಟಬೇಕು ಅಂತ ಕೈ ತುರಿಸುವ ಉಳಿದವರಿಗೂ ದಾರಿ. ಕೆರೆಯ ಉತ್ತರ ದಡದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ನಾಗನಾಥಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿಯ ಶಿಲ್ಪ ಅಲ್ಲೇ ಇರುವುದು. ಕೆರೆಯ ಪೂರ್ವದ ತುದಿಯಲ್ಲಿ ನೀರಿಗೆ ಒತ್ತಿಕೊಂಡು ಭೂತನಾಥ ಗುಡಿಗಳಿವೆ. ಕೆರೆ ದಡದ ಆ ದಾರಿಯನ್ನು ಗಾಲಿಕುರ್ಚಿ ಹೋಗುವಷ್ಟು ಸಮ ಮಾಡುವುದು ಗುಡ್ಡಕ್ಕೆ ಲಿಫ್ಟ್ ಹಾಕುವುದಕ್ಕಿಂತ ಎಷ್ಟೋ ಸುಲಭ. ಅಜ್ಜ ಅಜ್ಜಿಯನ್ನು ಕಾರಿನಲ್ಲೇ ಕೂರಿಸಿ ಹೋಗುವುದು ಆಗ ತಪ್ಪುತ್ತದೆ.

ಇದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ, ನಿಮ್ಮ ಮಟ್ಟಿಗೆ ಕ್ರಮ ಬದಲಿಸಿಕೊಳ್ಳಬಹುದು. ಮೊದಲು ಮ್ಯೂಸಿಯಂಗೆ ಹೋಗಿ, ಶುಕ್ರವಾರ ರಜೆ ಅನ್ನುವುದು ನೆನಪಿರಲಿ. ಅಲ್ಲಿ ಶಿಲ್ಪಗಳನ್ನು ಹತ್ತಿರದಿಂದ ನೋಡಿ ಕಣ್ಣು ಪಳಗಿರುತ್ತದೆ. ಗುಹೆಗೆ ಅದೇ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ, ಇಲ್ಲ ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ನಡುಮಧ್ಯಾಹ್ನ ಮಾತ್ರ ಬೇಡ. ಜನ ಜಾಸ್ತಿ ಇದ್ದರೆ ನೇರ ನಾಲ್ಕಕ್ಕೆ ಹತ್ತಿ ಇಳಿಯುತ್ತಾ ನೋಡಿ. ಪ್ರತಿ ಗುಹೆಯ ವರಾಂಡದಲ್ಲೂ ಹೊರಗಿನ ಬಿಸಿಲಿಗೆ ಬೆನ್ನು ಹಾಕಿ ನಾಲ್ಕು ನಿಮಿಷ ನಿಂತು ಆಮೇಲೆ ಒಳಗೆ ನಡೆಯಿರಿ, ಟಾರ್ಚ್ ಹಾಕಬೇಡಿ. ಮಧ್ಯಾಹ್ನದ ಹೊತ್ತನ್ನು ಬನಶಂಕರಿಗೆ ಇಟ್ಟುಕೊಳ್ಳಿ, ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಮೊಸರು ಸಿಗುತ್ತದೆ. ಗುಹೆಯಲ್ಲಿ ಗದ್ದಲ ಸಾಕಾಗಿದ್ದರೆ ಐಹೊಳೆಯ ರಾವಣಫಡಿಗೆ ಹೋಗಿ. ಅದೂ ಗುಹೆಯೇ, ಅಲ್ಲೂ ಶಿವ ಕುಣಿಯುತ್ತಾನೆ, ಜೊತೆಗೆ ಸಪ್ತಮಾತೃಕೆಯರಿದ್ದಾರೆ, ಬಾದಾಮಿಯಷ್ಟು ಜನ ಇರುವುದಿಲ್ಲ.